ತಲೆ ಬಾಲ ಕೂಡದ ಸರ್ಪ

ಪಾಣೆಮಂಗಳೂರಿನಲ್ಲಿ ಯಾರದಾದರೂ ಸೊಂಟದ ಮೇಲೆ ನಾಲ್ಕು ಬೊಕ್ಕೆ ಎದ್ದರೆ ಆ ಸುದ್ದಿ ಡಾಕ್ಟರಿಗೆ ಮುಟ್ಟುವ ಮೊದಲು ಮೆಲ್ಕಾರಿನ ಬಸ್‌ಸ್ಟಾಪಿಗೆ ಮುಟ್ಟಿರುತ್ತದೆ. ಒಬ್ಬರು ಮದ್ದು ಕೊಡುವ ಮನೆಯ ದಾರಿ ಹೇಳುತ್ತಾರೆ. ಇನ್ನೊಬ್ಬರು, ಮೊದಲು ಪ್ರಶ್ನೆ ಇಡಿಸಿ ನೋಡಿ ಮಾರಾಯ್ರೆ ಎನ್ನುತ್ತಾರೆ. ಟ್ಯೂಬಿನ ಹೆಸರು ಹೇಳಿಕೊಡುವವರಿಗಂತೂ ಬರವಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ: ಬೊಕ್ಕೆ ಎದ್ದು ಎಷ್ಟು ದಿನವಾಯಿತು? ಒಂದೇ ಬದಿಗಿದೆಯೋ, ಎರಡೂ ಬದಿಗೋ? ಜ್ವರ ಬಂದದ್ದು ಮೊದಲೋ, ದದ್ದು ಎದ್ದದ್ದು ಮೊದಲೋ?

ವೈರಸ್ ಎಬ್ಬಿಸುವ ದದ್ದಿನ ಗುಟ್ಟು ಬಹುಪಾಲು ಈ ಮೂರು ಪ್ರಶ್ನೆಗಳಲ್ಲೇ ಇರುತ್ತದೆ. ಬಣ್ಣ, ತುರಿಕೆ, ಉರಿ ಎಲ್ಲ ಆಮೇಲಿನ ಮಾತು. ನಮ್ಮ ಕಡೆ ಇದರ ಬಗ್ಗೆ ಓಡಾಡುವ ನಂಬಿಕೆಗಳಲ್ಲಿ ಕೆಲವು ನಿರುಪದ್ರವಿ, ಕೆಲವಕ್ಕೆ ಕಣ್ಣಿನ ಬೆಲೆ ತೆರಬೇಕಾಗುತ್ತದೆ.

“ಸರ್ಪದ ತಲೆ ಬಾಲ ಕೂಡಿದರೆ ಮುಗಿಯಿತು”

ಸರ್ಪಸುತ್ತಿನ ಬಗ್ಗೆ ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿಲ್ಲ. ಬೆನ್ನಿನಿಂದ ಹೊರಟ ಬೊಕ್ಕೆಗಳ ಸಾಲು ಪಕ್ಕೆಯನ್ನು ಬಳಸಿ ಹೊಟ್ಟೆಯತ್ತ ಬರುತ್ತದೆ. ಅದು ಪೂರ್ತಿ ಸುತ್ತು ಹಾಕಿ ತಲೆ ಬಾಲಕ್ಕೆ ತಾಗಿದ ದಿನ ರೋಗಿಯ ಆಯುಸ್ಸು ತೀರಿತು ಎಂದು ಲೆಕ್ಕ. ಅದಕ್ಕಾಗಿ ಮದ್ದು ಕೊಡುವವರು ಎರಡು ತುದಿಗೂ ಕಾವಿಮಣ್ಣಿನ ಗೆರೆ ಎಳೆದು ಸರ್ಪವನ್ನು ಕಟ್ಟುತ್ತಾರೆ. ಬೊಕ್ಕೆ ಗೆರೆ ದಾಟುವುದಿಲ್ಲ. ಮದ್ದು ಫಲಿಸಿತು!

ಗೆರೆ ಎಳೆಯದಿದ್ದರೂ ಅದು ದಾಟುತ್ತಿರಲಿಲ್ಲ. ನಮ್ಮ ಬೆನ್ನುಹುರಿಯಿಂದ ನರಗಳು ಜೋಡಿ ಜೋಡಿಯಾಗಿ ಹೊರಡುತ್ತವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಬಾಳೆಎಲೆಯ ನಡುದಿಂಡಿನಿಂದ ಎರಡೂ ಬದಿಗೆ ಗೆರೆಗಳು ಹೋಗುವುದಿಲ್ಲವೇ, ಹಾಗೆ. ಒಂದೊಂದು ನರಕ್ಕೂ ಚರ್ಮದ ಒಂದೊಂದು ಪಟ್ಟಿ. ಸರ್ಪಸುತ್ತಿನ ವೈರಸ್ ಸಾಮಾನ್ಯವಾಗಿ ಒಂದು ಬದಿಯ ಒಂದು ನರದ ಬುಡದಲ್ಲಿ ಎಚ್ಚರಗೊಂಡು ಆ ನರದ ಉದ್ದಕ್ಕೇ ಚರ್ಮಕ್ಕೆ ಇಳಿದು ಬರುತ್ತದೆ. ಆ ನರದ ವ್ಯಾಪ್ತಿ ದೇಹದ ನಡುಗೆರೆಯಲ್ಲಿ ಮುಗಿಯುತ್ತದೆ. ಬೊಕ್ಕೆಯೂ ಅಲ್ಲಿಗೇ ನಿಲ್ಲುತ್ತದೆ.

ಹತ್ತಿರದಿಂದ ನೋಡಿದರೆ ಇದು ಸ್ಪಷ್ಟ. ಕೆಂಪಾದ ಚರ್ಮದ ಮೇಲೆ ಸಾಸಿವೆಯಷ್ಟು, ಕೊತ್ತಂಬರಿಯಷ್ಟು ದೊಡ್ಡ ಬೊಕ್ಕೆಗಳು ಗುಂಪುಗುಂಪಾಗಿ ಎದ್ದಿರುತ್ತವೆ. ಗುಂಪುಗಳ ನಡುವೆ ಒಳ್ಳೆಯ ಚರ್ಮವೂ ಉಂಟು. ಒಳಗಿನ ನೀರು ಮೊದಲು ತಿಳಿಯಾಗಿದ್ದು, ಮೂರು ನಾಲ್ಕು ದಿನಕ್ಕೆ ಮಂದವಾಗುತ್ತದೆ. ವಾರ ಹತ್ತು ದಿನಕ್ಕೆ ಹಕ್ಕಳೆ ಕಟ್ಟುತ್ತದೆ. ಹೊಕ್ಕುಳಿನ ಮಟ್ಟದಲ್ಲಿ ಬಂದಿದ್ದರೆ ಹೊಕ್ಕುಳಿನ ಈಚೆ ಬೊಕ್ಕೆಗಳ ಸಂತೆ, ಆಚೆ ಒಂದು ಕೆಂಪು ಚುಕ್ಕೆಯೂ ಇಲ್ಲ.

ಎರಡೂ ಬದಿಗೆ ಬರುವುದೇ ಇಲ್ಲವೆಂದಲ್ಲ. ಬಹಳ ಅಪರೂಪ. ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ಹೀಗೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬೊಕ್ಕೆ ಮೈತುಂಬ ಹರಡಬಹುದು. ಅಲ್ಲಿ ಅಪಾಯ ನಿಜ. ಆದರೆ ಆ ಅಪಾಯ ಇರುವುದು ಶಕ್ತಿ ಕುಂದಿದ್ದರಲ್ಲಿ, ಸುತ್ತು ಪೂರ್ತಿಯಾದದ್ದರಲ್ಲಿ ಅಲ್ಲ.

ಮಳೆಗಾಲದಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ರಾತ್ರಿ ಮಲಗುವಾಗ ಏನೂ ಇರುವುದಿಲ್ಲ, ಬೆಳಿಗ್ಗೆ ಕುತ್ತಿಗೆಯಲ್ಲೋ ತೋಳಿನಲ್ಲೋ ಬರೆ ಎಳೆದಂತೆ ಕೆಂಪು ಗೆರೆ, ಮೇಲೆ ಸಣ್ಣ ಬೊಕ್ಕೆ, ಉರಿಯೋ ಉರಿ. ಸರ್ಪಸುತ್ತು ಎಂದು ಮನೆಯವರೆಲ್ಲ ಕಂಗಾಲು. ದೀಪಕ್ಕೆ ಬರುವ ಕಪ್ಪು-ಕಿತ್ತಳೆ ಪಟ್ಟೆಯ ಒಂದು ಸಣ್ಣ ಹುಳ ಉಂಟು; ನಿದ್ದೆಗಣ್ಣಿನಲ್ಲಿ ಅದನ್ನು ಮೈಮೇಲೆ ಉಜ್ಜಿದರೆ ಅದರ ರಸಕ್ಕೆ ಹೀಗಾಗುತ್ತದೆ. ಚೇರೆ ಮರದ ಸೊನೆ ತಾಗಿದರೂ ಇಂಥದೇ ಬೊಕ್ಕೆ. ಇವು ವೈರಸ್ಸೂ ಅಲ್ಲ, ಸರ್ಪವೂ ಅಲ್ಲ. ಇಂಥವಕ್ಕೆ ಕಾವಿ ಹಚ್ಚಿ “ಎರಡೇ ದಿನಕ್ಕೆ ಸರ್ಪ ಇಳಿಯಿತು” ಎಂದವರೂ ಇದ್ದಾರೆ.

“ನಾಗನಿಗೆ ಮಾಡಿದ ಅಪಚಾರದ ಫಲ”

ಕುಟುಂಬಕ್ಕೊಂದು ನಾಗಬನ ಇರುವ ನಾಡಿದು. ಚರ್ಮದ ಕಾಯಿಲೆ ಎಂದರೆ ನಾಗದೋಷ ಎಂಬ ಮಾತು ಇಲ್ಲಿ ಮಗುವಿಗೂ ಗೊತ್ತು. ಕುಕ್ಕೆ ಸುಬ್ರಹ್ಮಣ್ಯದ ಸರ್ಪಸಂಸ್ಕಾರಕ್ಕೆ ದೂರದೂರದಿಂದ ಜನ ಬರುತ್ತಾರೆ. ಬನಕ್ಕೆ ತಂಬಿಲ ಕೊಡುವುದು, ಆಶ್ಲೇಷಾಬಲಿ ಮಾಡಿಸುವುದು ಅವರವರ ಮನೆಯ ವಿಚಾರ, ಅದಕ್ಕೆ ಯಾವ ಡಾಕ್ಟರೂ ಅಡ್ಡ ಬರಬೇಕಾಗಿಲ್ಲ. ನನ್ನ ತಕರಾರು ಬೇರೆ. ಈ ನಂಬಿಕೆ ನೋವಿನ ಮೇಲೆ ಅಪರಾಧದ ಹೊರೆಯನ್ನೂ ಹೇರುತ್ತದೆ. ಮುದುಕರು ಉರಿಯಲ್ಲಿ ನರಳುತ್ತಲೇ, ಯಾವ ಕಾಲದಲ್ಲಿ ತೋಟದಲ್ಲಿ ಯಾವ ಹಾವಿಗೆ ಕತ್ತಿ ತಾಗಿತ್ತು ಎಂದು ಹುಡುಕುತ್ತ ಕೂರುತ್ತಾರೆ.

ಹುಡುಕಬೇಕಾದದ್ದು ಅವರ ಬಾಲ್ಯದಲ್ಲಿ. ಚಿಕ್ಕಂದಿನಲ್ಲಿ ಬಂದುಹೋದ ಚಿಕನ್‌ಪಾಕ್ಸ್, ನಮ್ಮ ಸೀತಾಳೆ ಸಿಡುಬು, ನಿಜಕ್ಕೂ ಹೋಗಿರುವುದಿಲ್ಲ. ಮೈಮೇಲಿನ ಕಲೆ ಮಾಸಿದರೂ ಅದರ ವೈರಸ್ ನರಗಳ ಬುಡದಲ್ಲಿ ಹತ್ತಾರು ವರ್ಷ ಸುಮ್ಮನಿರುತ್ತದೆ. ವಯಸ್ಸು ಐವತ್ತು ದಾಟಿದಾಗ, ಸಕ್ಕರೆ ಕಾಯಿಲೆಯಿಂದಲೋ ದೀರ್ಘಕಾಲದ ಸ್ಟಿರಾಯ್ಡ್ ಮಾತ್ರೆಯಿಂದಲೋ ದೇಹದ ಕಾವಲು ಸಡಿಲಾದಾಗ ಅದು ಎದ್ದು ಬರುತ್ತದೆ.

ಇದನ್ನು ಬಿಡಿಸಿ ಹೇಳಿದವರಲ್ಲಿ ಒಬ್ಬರು ಹೋಪ್-ಸಿಂಪ್ಸನ್, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯರು. ದೊಡ್ಡ ಪ್ರಯೋಗಶಾಲೆಯ ವಿಜ್ಞಾನಿಯಲ್ಲ. ತಮ್ಮಲ್ಲಿಗೆ ಬರುವ ಊರವರ ಸರ್ಪಸುತ್ತನ್ನೆಲ್ಲ 16 ವರ್ಷ ಬರೆದಿಟ್ಟರು. ಒಟ್ಟು 192 ಪ್ರಕರಣ. ವಯಸ್ಸು ಏರಿದಂತೆ ಕಾಯಿಲೆಯೂ ಏರುವುದನ್ನು ತೋರಿಸಿ, ಒಳಗೇ ಅಡಗಿದ ವೈರಸ್ ಮತ್ತೆ ಏಳುತ್ತದೆಂಬ ವಾದವನ್ನು 1965ರಲ್ಲಿ ಮಂಡಿಸಿದರು. ಅದಕ್ಕೂ ಮೊದಲೇ 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ಕಾಯಿಲೆಯ ಬೊಕ್ಕೆಗಳಿಂದ ವೈರಸ್ ಬೆಳೆಸಿ, ಎರಡೂ ಒಂದೇ ಎಂದು ತೋರಿಸಿದ್ದರು. ಬಂಟ್ವಾಳದಂಥ ಊರಿನ ಒಬ್ಬ ವೈದ್ಯರು ತಮ್ಮ ರಿಜಿಸ್ಟರನ್ನು ಹೀಗೆ ಇಟ್ಟಿದ್ದರೆ ನಮಗೂ ನಮ್ಮದೇ ಲೆಕ್ಕ ಇರುತ್ತಿತ್ತಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

“ಮೊದಲು ನಾಟಿಮದ್ದು, ಇಳಿಯದಿದ್ದರೆ ಡಾಕ್ಟರ್”

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವುದು ಈ ಸರದಿ. ಸರ್ಪಸುತ್ತಿನ ಬೊಕ್ಕೆ ಏನೂ ಮಾಡದೆ ಬಿಟ್ಟರೂ ಎರಡರಿಂದ ನಾಲ್ಕು ವಾರದಲ್ಲಿ ಒಣಗಿ ಉದುರುತ್ತದೆ. ಹಾಗಾಗಿ ಗರಿಕೆ ಅರೆದು ಹಚ್ಚಿದರೂ, ಕಾವಿ ಹಚ್ಚಿದರೂ, ಮಂತ್ರಿಸಿದರೂ ಯಶಸ್ಸು ಖಂಡಿತ. ತೊಂದರೆ ಇರುವುದು ಬೊಕ್ಕೆಯಲ್ಲಲ್ಲ, ನರದಲ್ಲಿ. ವೈರಸ್ಸನ್ನು ತಡೆಯುವ ಅಸೈಕ್ಲೊವಿರ್, ವಾಲಸೈಕ್ಲೊವಿರ್ ಮಾತ್ರೆಗಳನ್ನು ಬೊಕ್ಕೆ ಎದ್ದ 72 ಗಂಟೆಯೊಳಗೆ ಶುರುಮಾಡಬೇಕು, ಸಾಮಾನ್ಯವಾಗಿ ಏಳು ದಿನದ ಕೋರ್ಸು. ತಡವಾದಷ್ಟೂ ಅದರ ಉಪಯೋಗ ಇಳಿಯುತ್ತದೆ. ಮದ್ದಿನ ಮನೆಗೆ ಹೋಗಿ, ಪಥ್ಯ ಹಿಡಿದು, ಇನ್ನೊಂದು ಮಂಗಳವಾರ ಕಳೆದು ಬಿ.ಸಿ.ರೋಡಿನ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಆ ಮೂರು ದಿನ ಎಂದೋ ಮುಗಿದಿರುತ್ತದೆ.

ಬೊಕ್ಕೆ ಒಣಗಿದ ಮೇಲೂ ಉಳಿಯುವ ನೋವಿನ ಬಗ್ಗೆ ಅನುಭವಿಸಿದವರನ್ನು ಕೇಳಬೇಕು. ಅಂಗಿ ತಾಗಿದರೂ ಉರಿ, ಫ್ಯಾನಿನ ಗಾಳಿ ಸೋಕಿದರೂ ಉರಿ. ಅದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ವಯಸ್ಸಾದಷ್ಟೂ ಅದರ ಸಾಧ್ಯತೆ ಹೆಚ್ಚು. ಅದಕ್ಕೆ ಬೇರೆಯೇ ನರದ ಮಾತ್ರೆಗಳಿವೆ, ಸುಮ್ಮನೆ ಸಹಿಸಿಕೊಂಡು ಕೂರಬೇಕಾಗಿಲ್ಲ.

ಹಣೆ, ಕಣ್ಣಿನ ರೆಪ್ಪೆ, ಮೂಗಿನ ತುದಿಯಲ್ಲಿ ಬೊಕ್ಕೆ ಕಂಡರೆ ಕಾವಿಯೂ ಬೇಡ, ಕಾಯುವುದೂ ಬೇಡ, ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುವುದರಿಂದ ಅಲ್ಲಿ ಬಂದದ್ದು ಇಲ್ಲಿಗೂ ಬಂದಿರಬಹುದು. ಕಾರ್ನಿಯಾದಲ್ಲಿ ಕಲೆ ಉಳಿದರೆ ದೃಷ್ಟಿ ಹೋಗುತ್ತದೆ. ಕಿವಿಯಲ್ಲಿ ಬೊಕ್ಕೆ ಎದ್ದು ಬಾಯಿ ಒಂದು ಬದಿಗೆ ವಾಲಿದರೂ ಹಾಗೆಯೇ ತುರ್ತು.

ಬೊಕ್ಕೆ ಏಳುವ ಮೊದಲೇ ಕೆಲವು ದಿನ ಬರೀ ನೋವು ಇರಬಹುದು. ಎದೆಯ ಎಡಭಾಗದಲ್ಲಿ ಬಂದರೆ ಹೃದಯದ ಪರೀಕ್ಷೆ, ಸೊಂಟದಲ್ಲಿ ಬಂದರೆ ಕಲ್ಲಿನ ಸ್ಕ್ಯಾನಿಂಗ್ ಎಲ್ಲ ಆಗಿ, ಏನೂ ಇಲ್ಲವೆಂದು ಮನೆಗೆ ಬಂದ ಮರುದಿನ ಸ್ನಾನಕ್ಕೆ ಅಂಗಿ ತೆಗೆದಾಗ ಗುಟ್ಟು ರಟ್ಟಾಗುತ್ತದೆ. ಐವತ್ತು ದಾಟಿದವರಿಗೆ ಸರ್ಪಸುತ್ತು ತಡೆಯುವ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಬೆಲೆ ದುಬಾರಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಪಟ್ಟಿಯಲ್ಲಿಲ್ಲ.

“ಸರ್ಪಸುತ್ತು ಮುಟ್ಟಿದರೆ ಸರ್ಪಸುತ್ತು ಬರುತ್ತದೆ”

ಬರುವುದಿಲ್ಲ. ಆದರೆ ಚಿಕನ್‌ಪಾಕ್ಸ್ ಬಂದಿರದ, ಲಸಿಕೆಯನ್ನೂ ಹಾಕಿಸಿಕೊಂಡಿರದವರಿಗೆ ಆ ಬೊಕ್ಕೆಯ ನೀರಿನಿಂದ ಚಿಕನ್‌ಪಾಕ್ಸ್ ಬರಬಹುದು. ಹಕ್ಕಳೆ ಕಟ್ಟುವವರೆಗೆ ಬೊಕ್ಕೆಯನ್ನು ಬಟ್ಟೆಯಿಂದ ಮುಚ್ಚಿಟ್ಟು, ಬಸುರಿಯರನ್ನೂ ಎಳೆಮಕ್ಕಳನ್ನೂ ದೂರವಿಟ್ಟರೆ ಸಾಕು. ಅಜ್ಜನ ತಟ್ಟೆ ಲೋಟ ಬೇರೆ ಮಾಡಿ ಜಗಲಿಯ ಮೂಲೆಗೆ ಹಾಕಬೇಕಾಗಿಲ್ಲ.

“ಅಮ್ಮ ಬಂದಾಗ ಮದ್ದು ಮಾಡಬಾರದು, ಮೈಗೆ ನೀರು ಹಾಕಬಾರದು”

ಈ ಭಯಭಕ್ತಿ ಹುಟ್ಟಿದ್ದು ಸಿಡುಬಿನ ಕಾಲದಲ್ಲಿ. ಮಾರಿಗುಡಿಗಳ ಮಾರಿಪೂಜೆ, ಆಟಿ ತಿಂಗಳಲ್ಲಿ ಮನೆಮನೆಗೆ ಬಂದು ಮಾರಿ ಕಳೆಯುವ ಆಟಿ ಕಳೆಂಜ, ಇವುಗಳ ಹಿಂದೆ ಊರಿಗೆ ಊರನ್ನೇ ಕಾಡಿದ ರೋಗಗಳ ನೆನಪಿದೆ. ಆದರೆ ಸಿಡುಬು ಈಗ ಇಲ್ಲ. ಭಾರತದ ಕೊನೆಯ ರೋಗಿ ಪತ್ತೆಯಾದದ್ದು 1975ರ ಮೇ ತಿಂಗಳಲ್ಲಿ, ಅಸ್ಸಾಮಿನ ಕರೀಂಗಂಜಿನಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತೇ ಸಿಡುಬುಮುಕ್ತ ಎಂದು ಘೋಷಿಸಿತು. ಇಂದು “ಅಮ್ಮ” ಎನಿಸಿಕೊಳ್ಳುವುದು ಚಿಕನ್‌ಪಾಕ್ಸ್, ಒಮ್ಮೊಮ್ಮೆ ದಡಾರ. ದಡಾರದ ದದ್ದು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಶುರುವಾಗಿ ಕೆಳಗಿಳಿಯುತ್ತದೆ, ಅದರಲ್ಲಿ ನೀರು ತುಂಬುವುದಿಲ್ಲ, ಮೊದಲೇ ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು ಇರುತ್ತದೆ. ಚಿಕನ್‌ಪಾಕ್ಸಿನಲ್ಲಿ ಹೊಸ ಚುಕ್ಕೆ, ನೀರಿನ ಬೊಕ್ಕೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೇ ಕಾಣುತ್ತವೆ.

ಕಹಿಬೇವಿನ ಸೊಪ್ಪು ಹಾಸಿ ಮಲಗಿಸಿದರೆ ಕೇಡಿಲ್ಲ, ಎಳನೀರು, ಕುಚ್ಚಲಕ್ಕಿ ಗಂಜಿ ಒಳ್ಳೆಯದೇ. ಸ್ನಾನ ಬಿಡಿಸುವುದು ಮಾತ್ರ ತಪ್ಪು. ನಮ್ಮ ಸೆಖೆಯಲ್ಲಿ ಬೆವರಿ, ತುರಿಸಿ, ಬೊಕ್ಕೆ ಒಡೆದು ಕೀವಾಗುವುದು ಅದರಿಂದಲೇ. ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ ಒತ್ತಿ ಒರೆಸಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಮಕ್ಕಳಿಗೆ ಆಸ್ಪಿರಿನ್ ಕೂಡದು.

ಶೀತದೇಶಗಳಲ್ಲಿ ಚಿಕನ್‌ಪಾಕ್ಸ್ ಬಹುಪಾಲು ಮಕ್ಕಳ ಕಾಯಿಲೆ. ನಮ್ಮಂಥ ಸೆಖೆಯ ಕಡೆ ದೊಡ್ಡವರಾದ ಮೇಲೂ ಬರುತ್ತದೆ, ದೊಡ್ಡವರಿಗೆ ಬಂದರೆ ಜೋರು, ಶ್ವಾಸಕೋಶಕ್ಕೂ ಇಳಿಯಬಹುದು. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಬಂದರೆ ಕೂಸಿನ ಜೀವಕ್ಕೇ ಅಪಾಯ. ದೇವಿಯ ಹೆಸರಿನಲ್ಲಿ ಇವರನ್ನು ಕೋಣೆಯಲ್ಲಿ ಮಲಗಿಸಿ ಹರಕೆ ಹೊತ್ತರೆ ಸಾಲದು.

“ಟೊಮ್ಯಾಟೊ ಜ್ವರ ದನದ ಕಾಲುಬಾಯಿ ರೋಗದಿಂದ ಬಂದದ್ದು”

2022ರ ಮೇಯಲ್ಲಿ ಕೇರಳದ ಕೊಲ್ಲಂ ಕಡೆಯ ಪುಟ್ಟ ಮಕ್ಕಳಿಗೆ ಕೆಂಪು ಬೊಕ್ಕೆಗಳ ಜ್ವರ ಬಂದಾಗ ಗಡಿ ಜಿಲ್ಲೆಯೆಂದು ದಕ್ಷಿಣ ಕನ್ನಡದಲ್ಲೂ ನಿಗಾ ಇಡಲು ಸರ್ಕಾರ ಹೇಳಿತು. ಟೊಮ್ಯಾಟೊ ತಿನ್ನಿಸಬೇಡಿ ಎಂಬ ಸಂದೇಶಗಳೂ ವಾಟ್ಸಾಪಿನಲ್ಲಿ ಹರಿದವು, ಪಾಪ ಆ ತರಕಾರಿಯ ತಪ್ಪೇನೂ ಇರಲಿಲ್ಲ. ಕೇರಳದಿಂದ ಬ್ರಿಟನ್ನಿಗೆ ಮರಳಿದ ಇಬ್ಬರು ಮಕ್ಕಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಕಾಕ್ಸಾಕಿ ಎ16 ವೈರಸ್. ಅಂದರೆ ಅಂಗನವಾಡಿಗಳಲ್ಲಿ ಆಗಾಗ ಕಾಣುವ ಕೈ-ಕಾಲು-ಬಾಯಿ ರೋಗವೇ.

ದನದ ಕಾಲುಬಾಯಿ ರೋಗದ ವೈರಸ್ ಬೇರೆ. ಕೊಟ್ಟಿಗೆಯಿಂದ ಮಗುವಿಗೆ ಈ ಕಾಯಿಲೆ ಬರುವುದಿಲ್ಲ. ಅದೇ ವರ್ಷ ಹಸುಗಳನ್ನು ಕಾಡಿದ ಚರ್ಮಗಂಟು ರೋಗವೂ ಮನುಷ್ಯರಿಗೆ ಅಂಟುವಂಥದ್ದಲ್ಲ. ಹಾಲನ್ನು ಕಾಯಿಸಿ ಕುಡಿಯಬಹುದು. ಹಾಗೆಂದು ಕೊಟ್ಟಿಗೆಯಿಂದ ಏನೂ ಬರುವುದಿಲ್ಲ ಎನ್ನುವ ಹಾಗಿಲ್ಲ: ಕೆಚ್ಚಲಲ್ಲಿ ಹುಣ್ಣಿರುವ ಎಮ್ಮೆಯನ್ನು ಕರೆದವರ ಬೆರಳುಗಳಲ್ಲಿ ಎಮ್ಮೆ ಸಿಡುಬಿನ ಬೊಕ್ಕೆ ಏಳುವುದುಂಟು.

ಕೈ-ಕಾಲು-ಬಾಯಿ ರೋಗದ ಒಂದು ವಿಚಿತ್ರ ತಾಯಂದಿರನ್ನು ಹೆದರಿಸುತ್ತದೆ. ಎಲ್ಲ ವಾಸಿಯಾಗಿ ಒಂದೆರಡು ತಿಂಗಳಾದ ಮೇಲೆ ಮಗುವಿನ ಉಗುರುಗಳು ಬುಡದಿಂದ ಎದ್ದು ಕಳಚುತ್ತವೆ. ಕಾಕ್ಸಾಕಿ ಎ6 ಎಂಬ ತಳಿ ಹೀಗೆ ಮಾಡುತ್ತದೆ. ಕ್ಯಾಲ್ಸಿಯಂ ಕೊರತೆಯಲ್ಲ, ಫಂಗಸ್ಸೂ ಅಲ್ಲ. ಹೊಸ ಉಗುರು ತಾನಾಗಿ ಬರುತ್ತದೆ.

“ಮಂಕಿಪಾಕ್ಸ್ ಎಂದರೆ ನಮ್ಮ ಮಂಗನ ಕಾಯಿಲೆಯೇ”

ಬೆಳ್ತಂಗಡಿ ಕಡೆಯವರು ಹೀಗೆ ಅಂದುಕೊಂಡರೆ ಆಶ್ಚರ್ಯವಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ 1982-83ರಲ್ಲಿ ಬೆಳ್ತಂಗಡಿ ತಾಲೂಕನ್ನು ಹಿಂಡಿತ್ತು. ಅದು ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ: ವಿಪರೀತ ಮೈಕೈನೋವು, ತಲೆನೋವು, ಕೆಲವರಿಗೆ ರಕ್ತಸ್ರಾವ. ಅದರಲ್ಲಿ ಬೊಕ್ಕೆ ಏಳುವುದಿಲ್ಲ. ಮಂಕಿಪಾಕ್ಸ್ ಅಥವಾ ಎಂಪಾಕ್ಸ್ ಸಿಡುಬಿನ ಜಾತಿಯದು. ಅದರಲ್ಲಿ ಬೊಕ್ಕೆಯೇ ಮುಖ್ಯ, ಹರಡುವುದು ರೋಗಿಯ ಮೈಗೆ ಮೈ ತಾಗಿ, ಅವರ ಬಟ್ಟೆ ಹಾಸಿಗೆಯಿಂದ. 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಶಾಲೆಯ ಮಂಗಗಳಲ್ಲಿ ಮೊದಲು ಕಂಡದ್ದರಿಂದ ಮಂಗಕ್ಕೆ ಆ ಕೆಟ್ಟ ಹೆಸರು. ಅದರ ನಿಜವಾದ ನೆಲೆ ಆಫ್ರಿಕದ ಇಲಿ-ಅಳಿಲಿನಂಥ ಪ್ರಾಣಿಗಳು ಎಂದೇ ಅಂದಾಜು.

ಗಲ್ಫಿನ ದಾರಿ ನಮ್ಮದೂ ಆದ್ದರಿಂದ ಇದು ದೂರದ ಸುದ್ದಿಯಲ್ಲ. 2022ರ ಜುಲೈಯಲ್ಲಿ ದೇಶದ ಎರಡನೇ ರೋಗಿ, ಕಣ್ಣೂರಿನವರು, ಬಂದಿಳಿದದ್ದು ಮಂಗಳೂರು ವಿಮಾನ ನಿಲ್ದಾಣದಲ್ಲೇ. 2025ರ ಜನವರಿಯಲ್ಲಿ ದುಬೈಯಿಂದ ಬಂದ ಉಡುಪಿ ಜಿಲ್ಲೆಯ ಒಬ್ಬರಿಗೂ ಪುಣೆಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಇದು ಖಚಿತವಾಯಿತು. ಆ ಎರಡೂ ಸಲ ಊರಲ್ಲಿ ಹಬ್ಬಲಿಲ್ಲ. ವಿದೇಶದಿಂದ ಬಂದ ಮೇಲೆ ಜ್ವರ, ಕುತ್ತಿಗೆ ತೊಡೆಸಂದಿನಲ್ಲಿ ಗಡ್ಡೆ, ಗಟ್ಟಿಯಾದ ಬೊಕ್ಕೆ ಕಂಡರೆ ನೆಂಟರ ಮನೆಗೆ ಹೋಗುವ ಬದಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗುವುದು ಲೇಸು. ಕಾಡಂಚಿನ ಮಂಗಗಳಿಗೆ ಕಲ್ಲು ಹೊಡೆದು ಪ್ರಯೋಜನವಿಲ್ಲ.

“ದುಂಡಗೆ ಕೆಂಪಾದರೆ ಹುಳುಕಡ್ಡಿ”

ಹದಿಹರೆಯದ ಹುಡುಗಿಯ ಹೊಟ್ಟೆಯ ಮೇಲೆ ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕೆಂಪು ಮಚ್ಚೆ, ಅಂಚಿನಲ್ಲಿ ತೆಳ್ಳಗೆ ಸಿಪ್ಪೆ. ಹುಳುಕಡ್ಡಿ ಎಂದು ಟ್ಯೂಬ್ ತರುತ್ತಾರೆ. ವಾರ, ಹದಿನೈದು ದಿನ ಕಳೆದ ಮೇಲೆ ಬೆನ್ನು, ಎದೆಯ ತುಂಬ ಅದೇ ಬಗೆಯ ಸಣ್ಣ ಮಚ್ಚೆಗಳು, ಪಕ್ಕೆಲುಬಿನ ಓರೆಯಲ್ಲೇ ಸಾಲಾಗಿ. “ಮದ್ದಿನಿಂದ ಕೆರಳಿತು” ಎಂದು ಗಾಬರಿ. ಪಿಟಿರಿಯಾಸಿಸ್ ರೋಸಿಯಾ ಎಂಬ ಈ ದದ್ದಿನ ಹಿಂದೆ ಹರ್ಪಿಸ್ ಬಳಗದ 6 ಮತ್ತು 7ನೆಯ ವೈರಸ್‌ಗಳ ಕೈವಾಡ ಇರುವಂತಿದೆ. ಆರರಿಂದ ಎಂಟು ವಾರಕ್ಕೆ ಹೇಳದೆ ಕೇಳದೆ ಹೋಗುತ್ತದೆ. ಅಷ್ಟರೊಳಗೆ ಸ್ಟಿರಾಯ್ಡ್ ಬೆರೆಸಿದ ಟ್ಯೂಬುಗಳನ್ನು ಬದಲಿಸಿ ಬದಲಿಸಿ ಹಚ್ಚಿ ಚರ್ಮ ತೆಳುವಾಗಿಸಿಕೊಂಡವರು ಎಷ್ಟೋ ಮಂದಿ. ನಿಜವಾದ ಹುಳುಕಡ್ಡಿಗೂ ಆ ಟ್ಯೂಬುಗಳು ಶತ್ರುವೇ.

“ಮದ್ದಿನ ಅಲರ್ಜಿ”, “ಜ್ವರ ಮರುಕಳಿಸಿತು”

ಮಗುವಿಗೆ ಮೂರು ದಿನ ಸುಡುಜ್ವರ, ಮೂರನೇ ದಿನ ಆಂಟಿಬಯಾಟಿಕ್ ಶುರು, ನಾಲ್ಕನೇ ದಿನ ಜ್ವರ ಬಿಟ್ಟು ಮೈತುಂಬ ಗುಲಾಬಿ ಚುಕ್ಕೆ. ಅಪರಾಧ ಮದ್ದಿನದಲ್ಲದಿರಬಹುದು, ಜ್ವರ ಬಿಡುವ ಹೊತ್ತಿಗೆ ದದ್ದು ತೋರುವ ರೋಸಿಯೋಲಾ ಎಂಬ ವೈರಸ್ ಕಾಯಿಲೆ ಹೀಗೇ ನಡೆದುಕೊಳ್ಳುತ್ತದೆ. ಡೆಂಗಿಯಲ್ಲೂ ಜ್ವರ ಇಳಿದ ಮೇಲೆ ಕೈಕಾಲು ಕೆಂಪಾಗಿ, ನಡುನಡುವೆ ಬಿಳಿ ಚುಕ್ಕೆ ಉಳಿದು ತುರಿಸುತ್ತದೆ. ಅದು ಚೇತರಿಕೆಯ ದದ್ದು. ಹೊಟ್ಟೆನೋವು, ಬಿಡದ ವಾಂತಿ, ರಕ್ತ ಕಂಡರೆ ಮಾತ್ರ ಓಡಬೇಕು. 2008ರಲ್ಲಿ ಜಿಲ್ಲೆಯ ರಬ್ಬರ್, ಅಡಿಕೆ ತೋಟಗಳ ಊರುಗಳಲ್ಲೆಲ್ಲ ಚಿಕುನ್‌ಗುನ್ಯ ಹಬ್ಬಿದಾಗ ಗಂಟುನೋವಿನ ಜೊತೆ ಕೆಲವರ ಮೂಗೇ ಕಪ್ಪಾಗಿತ್ತು. ಯಕೃತ್ತು ಹೋಯಿತೆಂದು ಹೆದರಿದವರಿದ್ದರು. ಅದೂ ಆ ವೈರಸ್ಸಿನದೇ ಗುರುತು, ತಿಂಗಳುಗಳಲ್ಲಿ ಮಾಸಿತು.

“ನರಹುಲಿಗೆ ಗೇರುಬೀಜದ ಎಣ್ಣೆ”

ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅದರಲ್ಲಿ ಅನುಮಾನವಿಲ್ಲ. ನರಹುಲಿಯನ್ನು ಮಾತ್ರ ಸುಡು ಎಂದರೆ ಅದಕ್ಕೆ ಕೇಳುವುದಿಲ್ಲ, ಸುತ್ತಲಿನ ಚರ್ಮವನ್ನೂ ಸೇರಿಸಿ ಸುಡುತ್ತದೆ. ಕಲೆ ಬದುಕಿಡೀ ಉಳಿಯಬಹುದು. ನರಹುಲಿಯನ್ನು ಎಬ್ಬಿಸುವುದು ಪ್ಯಾಪಿಲೋಮಾ ವೈರಸ್. ಮಕ್ಕಳ ಕೈಬೆರಳಿನದು ಒಂದೆರಡು ವರ್ಷದಲ್ಲಿ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಅವಸರವಿದ್ದವರಿಗೆ ಸ್ಯಾಲಿಸಿಲಿಕ್ ಆಮ್ಲದ ಮದ್ದು, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವ ಚಿಕಿತ್ಸೆ ಇವೆ. ಮುಖದ ಮೇಲಿನದಕ್ಕೂ ಗುಪ್ತಾಂಗದಲ್ಲಿರುವುದಕ್ಕೂ ಮನೆಯಲ್ಲಿ ಏನನ್ನೂ ಹಚ್ಚದೆ ಚರ್ಮದ ಡಾಕ್ಟರಿಗೇ ತೋರಿಸಬೇಕು.